ಕೈಗುಣಕ್ಕೂ ಪರೀಕ್ಷೆ ಬೇಡವೆ?

ನಮ್ಮ ಜನರು ವೈದ್ಯನನ್ನು ಆರಿಸಿಕೊಳ್ಳುವಾಗ ಅವನ ಹೆಸರಿನ ಮುಂದಿರುವ ಪದವಿಗಳ ಸಾಲನ್ನು ಓದುತ್ತ ನಿಲ್ಲುವುದಿಲ್ಲ, "ಆತನ ಕೈಗುಣ ಹೇಗೆ?" ಎಂದು ನೆರೆಯವರನ್ನು ಕೇಳುತ್ತಾರೆ. ಈ ಮಾತಿನಲ್ಲಿ ದೈವದ ಮೇಲಣ ನಂಬುಗೆಯೂ ತುಸು ಬೆರೆತಿದೆಯೆಂಬುದನ್ನು ಒಪ್ಪೋಣ. ಆದರೆ ಅದರ ಬುಡದಲ್ಲಿರುವ ತಿಳಿವಳಿಕೆ ಸುಳ್ಳಲ್ಲ. ವೈದ್ಯವು ಶಾಸ್ತ್ರವಾಗಿರುವಷ್ಟೇ ಕೈಗೆಲಸವೂ ಆಗಿದೆ; ಗ್ರಂಥದಲ್ಲಿ ಅರಿತದ್ದು ಬೆರಳ ತುದಿಗೆ ಇಳಿಯದಿದ್ದರೆ ರೋಗಿಗೆ ಅದರಿಂದ ಫಲವಿಲ್ಲ. ನಮ್ಮ ವಿಶ್ವವಿದ್ಯಾನಿಲಯಗಳಾದರೋ ಬೇರೊಂದು ದಾರಿಯನ್ನು ಹಿಡಿದಿವೆ. ವರ್ಷಕ್ಕೆ ಒಂದು ಲಕ್ಷಕ್ಕೂ ಮಿಕ್ಕಿ ತರುಣ ತರುಣಿಯರು ಎಂ.ಬಿ.ಬಿ.ಎಸ್. ವ್ಯಾಸಂಗಕ್ಕೆ ಸೇರುವ ಈ ದೇಶದಲ್ಲಿ, ಪ್ರವೇಶದ ಬಾಗಿಲಿನಿಂದ ಹಿಡಿದು ಪದವಿಯ ಬಾಗಿಲವರೆಗೆ ನಾವು ತೂಗಿ ನೋಡುತ್ತಿರುವುದು ಬಹುಮಟ್ಟಿಗೆ ಅವರ ನೆನಪಿನ ಶಕ್ತಿಯನ್ನು. ಕೈಯನ್ನು ತೂಗುವ ತಕ್ಕಡಿ ನಮ್ಮಲ್ಲಿ ಇನ್ನೂ ಸರಿಯಾಗಿ ನಿಂತಿಲ್ಲ.

ಈ ಕೊರತೆಯು ಹಳೆಯದೇ ಆಗಿದ್ದರೂ ಈಗ ಅದನ್ನು ಮುಚ್ಚಿಡುವುದು ಸಾಧ್ಯವಿಲ್ಲದಂತಾಗಿದೆ. ಕಾರಣವೇನೆಂದರೆ, ರೋಗಿಯ ಹಾಸಿಗೆಯ ಮಗ್ಗುಲಲ್ಲಿಯೇ ನಿಂತು ಸ್ಕ್ಯಾನಿಂಗ್ ಮಾಡುವ ಕಲೆಯನ್ನು ವೈದ್ಯವಿದ್ಯಾರ್ಥಿಗಳಿಗೇ ಕಲಿಸಬೇಕೆಂಬ ವಿಚಾರವು ಲೋಕದ ಅನೇಕ ವಿದ್ಯಾಪೀಠಗಳಲ್ಲಿ ಆಚರಣೆಗೆ ಬಂದಿದೆ. ನಮ್ಮಲ್ಲಿಯೂ ಅದರ ಮಾತು ಕೇಳಿಬರುತ್ತಿದೆ. ಕಲಿಸಬೇಕೆಂಬುದರಲ್ಲಿ ನಮಗೆ ಭಿನ್ನಾಭಿಪ್ರಾಯವಿಲ್ಲ. ಆದರೆ ಕಲಿತದ್ದನ್ನು ಅಳೆಯುವ ಏರ್ಪಾಟು ಮೊದಲು ಸಿದ್ಧವಾಗದೆ ಯಂತ್ರವನ್ನು ಕೈಗೆ ಕೊಡುವುದು ಅಪಾಯವೆಂದೂ, ಆ ಏರ್ಪಾಟು ಸಿದ್ಧವಾದರೆ ಯಂತ್ರವನ್ನು ಕೊಡದಿರುವುದು ಅನ್ಯಾಯವೆಂದೂ ನಾವು ಹೇಳಬಯಸುತ್ತೇವೆ.

ವಸ್ತುಸ್ಥಿತಿಯನ್ನು ಅರಿಯದ ವಾಚಕರಿಗಾಗಿ ನಾಲ್ಕು ಮಾತು. ಮನುಷ್ಯನ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳಾಚೆಗಿನ ಧ್ವನಿಯು ಕೇಳಿಸದು. ವೈದ್ಯರು ಬಳಸುವ ಧ್ವನಿಯು ಸೆಕೆಂಡಿಗೆ 20 ಲಕ್ಷದಿಂದ ಒಂದೂವರೆ ಕೋಟಿಯವರೆಗೆ ಕಂಪಿಸತಕ್ಕದ್ದು. ಪ್ರೋಬೆಂಬ ಚಿಕ್ಕ ಸಾಧನವನ್ನು ಜೆಲ್ ಸವರಿದ ಚರ್ಮದ ಮೇಲಿಟ್ಟರೆ ಈ ಧ್ವನಿಯು ಒಳಹೊಕ್ಕು, ಅಂಗಾಂಗಗಳಿಂದ ಮಾರ್ದನಿಯಾಗಿ ಹಿಂದಿರುಗಿ, ಪರದೆಯ ಮೇಲೆ ಚಿತ್ರವಾಗುತ್ತದೆ. ದ್ರವವು ಮಾರ್ದನಿ ಕೊಡದು. ಆದುದರಿಂದ ರಕ್ತವಾಗಲಿ ನೀರಾಗಲಿ ಕಪ್ಪಾಗಿ ಕಾಣುವುದು. ಗ್ಲಾಸ್ಗೋ ನಗರದ ಇಯಾನ್ ಡೊನಾಲ್ಡ್ ಎಂಬ ವೈದ್ಯರು ತಮ್ಮ ಸಂಗಡಿಗರೊಡನೆ 1958ರಲ್ಲಿ ಉದರದ ಗಡ್ಡೆಗಳನ್ನು ಈ ವಿಧಾನದಿಂದ ಕಂಡ ವರದಿಯನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಇದು ಆಸ್ಪತ್ರೆಗಳಲ್ಲಿ ಬೇರೂರಿತು. ಅಂದು ಕೋಣೆಯನ್ನೇ ಆಕ್ರಮಿಸುತ್ತಿದ್ದ ಯಂತ್ರವು ಇಂದು ಅಂಗೈಯಗಲದ್ದಾಗಿ, ಮೊಬೈಲ್ ಫೋನಿಗೆ ಜೋಡಿಸತಕ್ಕದ್ದಾಗಿದೆ.

ವಿದ್ಯಾರ್ಥಿಯಿಂದ ಅಪೇಕ್ಷಿಸುವುದು ತಜ್ಞನು ಮಾಡುವ ಸಂಪೂರ್ಣ ಸ್ಕ್ಯಾನಿಂಗನ್ನಲ್ಲ. ಹೌದು ಅಥವಾ ಇಲ್ಲ ಎಂದು ಉತ್ತರಿಸಬಹುದಾದ ಕೆಲವೇ ಪ್ರಶ್ನೆಗಳನ್ನು. ಹೊಟ್ಟೆಯೊಳಗೆ ರಕ್ತ ಸೋರಿ ನಿಂತಿದೆಯೆ? ಹೃದಯವನ್ನು ಸುತ್ತಿದ ಪೊರೆಯಲ್ಲಿ ದ್ರವ ತುಂಬಿ ಹೃದಯವನ್ನು ಅದುಮುತ್ತಿದೆಯೆ? ಉಸಿರಿನೊಡನೆ ಶ್ವಾಸಕೋಶದ ಅಂಚು ಎದೆಗೂಡಿಗೆ ತಾಗಿ ಜಾರುತ್ತಿದೆಯೆ, ಅಥವಾ ನಡುವೆ ಗಾಳಿ ನುಗ್ಗಿ ಆ ಜಾರುವಿಕೆ ನಿಂತಿದೆಯೆ? ಮೂತ್ರ ಕಟ್ಟಿದವನ ಮೂತ್ರಕೋಶ ತುಂಬಿದೆಯೆ, ಬರಿದಾಗಿದೆಯೆ? ಈ ಪ್ರಶ್ನೆಗಳು ಸಣ್ಣವು. ಉತ್ತರಗಳು ಪ್ರಾಣದ ಮೇಲಿನವು.

2022ರಲ್ಲಿ ಈ ದೇಶದ ರಸ್ತೆ ಅಪಘಾತಗಳಲ್ಲಿ 1,68,491 ಜನರು ಮಡಿದರೆಂದು ಕೇಂದ್ರ ಸರಕಾರದ ಸಾರಿಗೆ ಇಲಾಖೆಯೇ ಲೆಕ್ಕ ಕೊಟ್ಟಿದೆ. ಅಪಘಾತದ ಗಾಯಾಳುವು ಮೊದಲು ಹೋಗಿ ಬೀಳುವುದು ರಾಜಧಾನಿಯ ದೊಡ್ಡ ಆಸ್ಪತ್ರೆಯಲ್ಲಲ್ಲ, ಹೆದ್ದಾರಿಯ ಬದಿಯ ತಾಲೂಕು ಆಸ್ಪತ್ರೆಯಲ್ಲಿ. ಅಪರಾತ್ರಿಯಲ್ಲಿ ಅಲ್ಲಿ ಕ್ಷ-ಕಿರಣ ತಜ್ಞರಿರುವುದಿಲ್ಲ. ಇರುವವನು ಪದವಿ ಪಡೆದು ವರ್ಷವೆರಡು ವರ್ಷವಾದ ತರುಣ ವೈದ್ಯ. ಗಾಯಾಳುವಿನ ಮೈಮೇಲೆ ತರಚು ಗಾಯವಷ್ಟೇ ಕಾಣುತ್ತಿದ್ದು ಒಳಗೆ ಗುಲ್ಮವು ಒಡೆದಿದ್ದರೆ, ಅವನನ್ನು ಕೂಡಲೇ ಶಸ್ತ್ರಚಿಕಿತ್ಸೆಯ ಸೌಕರ್ಯವುಳ್ಳ ಊರಿಗೆ ಕಳುಹಿಸಬೇಕೆ, ಬೆಳಗಿನವರೆಗೆ ಇಟ್ಟು ನೋಡಬೇಕೆ? ಈ ನಿರ್ಣಯಕ್ಕೆ ಯಕೃತ್ತಿಗೂ ಬಲ ಮೂತ್ರಪಿಂಡಕ್ಕೂ ನಡುವಣ ಸಂದಿನಲ್ಲಿ ಒಂದು ಕರಿಯ ಗೆರೆ ಕಂಡರೆ ಎಷ್ಟೋ ನೆರವಾದೀತು. ಡೆಂಗಿ ಜ್ವರದ ಮಾತೂ ಹಾಗೆಯೇ. 2024ರಲ್ಲಿ ಕರ್ನಾಟಕ ಸರಕಾರವು ಅದನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಬೇಕಾಗಿ ಬಂದುದನ್ನು ವಾಚಕರು ಮರೆತಿರಲಾರರು. ಆ ರೋಗದಲ್ಲಿ ರಕ್ತನಾಳಗಳಿಂದ ದ್ರವವು ಸೋರಿ ಎದೆಯಲ್ಲಿಯೂ ಹೊಟ್ಟೆಯಲ್ಲಿಯೂ ಸೇರುವುದನ್ನು, ಪಿತ್ತಕೋಶದ ಗೋಡೆಯು ದಪ್ಪನಾಗುವುದನ್ನು ಸ್ಕ್ಯಾನಿಂಗಿನಿಂದ ಕಾಣಬಹುದು. ಕಂಡರೆ ಆ ರೋಗಿಯನ್ನು ಮನೆಗೆ ಕಳುಹಿಸುವ ತಪ್ಪು ತಪ್ಪೀತು.

ಹಾಗಾದರೆ ಎಲ್ಲರ ಕೈಗೂ ಯಂತ್ರ ಕೊಟ್ಟುಬಿಡಿ ಎನ್ನುವವರಿದ್ದಾರೆ. ನಾವು ಅವರ ಪಕ್ಷವಲ್ಲ. ಕಾಣಲು ಬಾರದವನ ಕೈಯಲ್ಲಿ ಈ ಯಂತ್ರವು, ಯಂತ್ರವೇ ಇಲ್ಲದಿರುವುದಕ್ಕಿಂತ ಕೆಟ್ಟದ್ದು. ಯಂತ್ರವಿಲ್ಲದ ವೈದ್ಯನಿಗೆ ಸಂಶಯವಾದರೂ ಉಳಿದಿರುತ್ತದೆ. ಯಂತ್ರವಿಟ್ಟು ನೋಡಿ "ಏನೂ ಇಲ್ಲ" ಎಂದವನಿಗೆ ಸಂಶಯವೂ ಉಳಿಯುವುದಿಲ್ಲ. ಹೊಟ್ಟೆಯಲ್ಲಿ ಸೇರಿದ ರಕ್ತವು ಇನ್ನೂ ಸ್ವಲ್ಪವಿರುವಾಗ ನುರಿತ ಕಣ್ಣಿಗೂ ಕಾಣದಿರಬಹುದು. ಮೂತ್ರಪಿಂಡದ ಸುತ್ತಣ ಕೊಬ್ಬನ್ನು ರಕ್ತವೆಂದೂ, ಜಠರದೊಳಗಿನ ನೀರನ್ನು ಹೊರಗಿನ ದ್ರವವೆಂದೂ ಭ್ರಮಿಸುವುದು ಕಲಿಯುವವರಲ್ಲಿ ಸಾಮಾನ್ಯ. ಆದುದರಿಂದಲೇ ಪರೀಕ್ಷೆಯ ಪ್ರಶ್ನೆಯು ಕಲಿಕೆಯ ಪ್ರಶ್ನೆಗಿಂತ ಮುಂಚಿನದೆಂದು ನಮ್ಮ ಅಭಿಪ್ರಾಯ.

ಆ ಪರೀಕ್ಷೆ ಎಂಥದಿರಬೇಕು? ಇದೇ ವಿಷಯದ ಮರ್ಮ.

ಅತ್ಯಂತ ಸುಲಭವಾದ ದಾರಿಯು ಎಣಿಕೆಯದು. ಇಷ್ಟು ಸ್ಕ್ಯಾನುಗಳನ್ನು ಮಾಡಿದವನು ಪಳಗಿದವನು ಎಂದು ಬರೆದುಕೊಟ್ಟುಬಿಡುವುದು. ಅಮೆರಿಕೆಯ ತುರ್ತುಚಿಕಿತ್ಸಾ ವೈದ್ಯರ ಸಂಘವು ಒಂದೊಂದು ಬಗೆಯ ಪರೀಕ್ಷೆಗೂ 25ರಿಂದ 50 ಸ್ಕ್ಯಾನುಗಳೆಂಬ ಅಳತೆಯನ್ನು ತನ್ನ ಮಾರ್ಗಸೂಚಿಯಲ್ಲಿ ಕೊಟ್ಟಿದೆ. ಅಭ್ಯಾಸಕ್ಕೆ ಒಂದು ಮೊತ್ತವನ್ನು ಗೊತ್ತುಮಾಡುವುದು ತಪ್ಪಲ್ಲ. ಆದರೆ ಇಪ್ಪತ್ತೈದು ಸಲ ತಪ್ಪಾಗಿ ಮಾಡಿದವನು ಇಪ್ಪತ್ತಾರನೆಯ ಸಲವೂ ತಪ್ಪನ್ನೇ ಮಾಡುವನು, ಇನ್ನಷ್ಟು ಧೈರ್ಯದಿಂದ ಮಾಡುವನು. ಒಬ್ಬಳಿಗೆ ಹತ್ತು ಸಲದಲ್ಲಿ ಕೈ ಕೂಡುವುದು. ಇನ್ನೊಬ್ಬನಿಗೆ ಐವತ್ತಾದರೂ ಕೂಡದು. ಇದಲ್ಲದೆ ಎಣಿಕೆಯ ಪುಸ್ತಕವೆಂಬುದು ನಮ್ಮ ದೇಶದಲ್ಲಿ ಏನಾಗುವುದೆಂಬುದನ್ನು ಬಲ್ಲೆವು. ಪರೀಕ್ಷೆಯ ಹಿಂದಿನ ಸಂಜೆ ವರ್ಷದ ಸಹಿಗಳೆಲ್ಲ ಒಂದೇ ಲೇಖನಿಯಿಂದ, ಒಂದೇ ಶಾಯಿಯಲ್ಲಿ ಬೀಳುವುದನ್ನು ಕೇಳಿ ಅರಿಯದವರಾರು?

ಎರಡನೆಯ ಸುಲಭದ ದಾರಿಯು ಪ್ರಶ್ನಪತ್ರಿಕೆಯದು. ಪರದೆಯ ಚಿತ್ರವೊಂದನ್ನು ಮುದ್ರಿಸಿ, ಕೆಳಗೆ ನಾಲ್ಕು ಉತ್ತರಗಳನ್ನು ಕೊಟ್ಟು, ಸರಿಯಾದುದಕ್ಕೆ ಗುರುತು ಹಾಕೆನ್ನುವುದು. ಇದು ಚಿತ್ರವನ್ನು ಗುರುತಿಸುವ ಶಕ್ತಿಯನ್ನು ಅಳೆಯುತ್ತದೆಯೆಂಬುದು ನಿಜ. ಆದರೆ ಆ ಚಿತ್ರವನ್ನು ಇನ್ನೊಬ್ಬನಾರೋ ತೆಗೆದಿಟ್ಟಿದ್ದಾನೆ. ಸ್ಕ್ಯಾನಿಂಗಿನ ಅರ್ಧ ಕಷ್ಟವು ಚಿತ್ರವನ್ನು ಪಡೆಯುವುದರಲ್ಲಿಯೇ ಇರುವಾಗ, ಬೇರೆಯವರು ಅಟ್ಟಿಟ್ಟ ಅಡಿಗೆಯ ಹೆಸರು ಹೇಳಿದವಳಿಗೆ ಅಡಿಗೆ ಬರುತ್ತದೆಂದು ತೀರ್ಮಾನಿಸಿದಂತಾಯಿತು.

ಸ್ಕಾಟ್ಲೆಂಡಿನ ಡಂಡೀ ನಗರದ ರೊನಾಲ್ಡ್ ಹಾರ್ಡನ್ ಎಂಬವರೂ ಅವರ ಸಂಗಡಿಗರೂ 1975ರಲ್ಲಿ ವೈದ್ಯವಿದ್ಯಾರ್ಥಿಗಳಿಗೆ ಹೊಸ ಬಗೆಯ ಪರೀಕ್ಷೆಯೊಂದನ್ನು ಪ್ರಕಟಿಸಿದರು. ವಿದ್ಯಾರ್ಥಿಯು ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ಗಂಟೆಯ ಸದ್ದಿನೊಡನೆ ಸರಿಯುತ್ತ ಹೋಗುತ್ತಾನೆ. ಒಂದೊಂದರಲ್ಲಿಯೂ ಒಂದೊಂದು ಕೆಲಸವನ್ನು ಮಾಡಿ ತೋರಿಸುತ್ತಾನೆ. ನೋಡುವ ಪರೀಕ್ಷಕನ ಕೈಯಲ್ಲಿ ಎಲ್ಲರಿಗೂ ಒಂದೇ ಆದ ಪಟ್ಟಿಯಿರುತ್ತದೆ. ಆಸ್ಕಿ ಎಂದು ಹೆಸರಾದ ಈ ಕ್ರಮವು ನಮ್ಮ ಕಾಲೇಜುಗಳಿಗೂ ಹೊಸತಲ್ಲ. ಸ್ಕ್ಯಾನಿಂಗಿಗೆ ಒಪ್ಪುವ ಪಟ್ಟಿಯನ್ನು ಡೆನ್ಮಾರ್ಕಿನ ಸಂಶೋಧಕರು ಹಲವು ದೇಶಗಳ ಹಲವು ವಿಭಾಗಗಳ ತಜ್ಞರ ಅಭಿಪ್ರಾಯವನ್ನು ಕೂಡಿಸಿ 2013ರಲ್ಲಿ ಹೊರತಂದರು. ಅದರಲ್ಲಿ ಏಳು ಅಂಶಗಳಿವೆ. ಪರೀಕ್ಷೆ ಏತಕ್ಕೆ ಬೇಕಾಗಿದೆಯೆಂಬ ಅರಿವು, ಯಂತ್ರದ ತಿಳಿವು, ಚಿತ್ರವನ್ನು ತಿದ್ದಿಕೊಳ್ಳುವ ಬಗೆ, ಕ್ರಮವಾಗಿ ನೋಡುವ ಶಿಸ್ತು, ಕಂಡದ್ದನ್ನು ಅರ್ಥೈಸುವಿಕೆ, ಬರೆದಿಡುವಿಕೆ, ಕೊನೆಗೆ ಅದರ ಮೇಲೆ ತೆಗೆದುಕೊಳ್ಳುವ ನಿರ್ಧಾರ. ಚಿತ್ರವನ್ನು ಅರ್ಥೈಸುವುದು ಏಳರಲ್ಲಿ ಒಂದು ಮಾತ್ರ ಎಂಬುದನ್ನು ವಾಚಕರು ಗಮನಿಸಬೇಕು. ನಮ್ಮ ಬರವಣಿಗೆಯ ಪರೀಕ್ಷೆಗಳು ಆ ಒಂದನ್ನು ಹಿಡಿದು ಆರನ್ನು ಬಿಟ್ಟುಬಿಡುತ್ತವೆ.

ಇದನ್ನು ಕಣ್ಣಿಗೆ ಕಟ್ಟುವಂತೆ ಹೇಳುವುದಾದರೆ: ಆರೋಗ್ಯವಂತನಾದ ಸ್ವಯಂಸೇವಕನೊಬ್ಬನು ಮಂಚದ ಮೇಲೆ ಮಲಗಿದ್ದಾನೆ. "ಬೈಕಿನಿಂದ ಬಿದ್ದವನು, ರಕ್ತದೊತ್ತಡ ಇಳಿಯುತ್ತಿದೆ, ಹೊಟ್ಟೆಯೊಳಗೆ ರಕ್ತವಿದೆಯೇ ನೋಡು" ಎಂದು ವಿದ್ಯಾರ್ಥಿನಿಗೆ ಹೇಳಲಾಗುತ್ತದೆ. ಅವಳು ಮೊದಲು ಮಾಡಬೇಕಾದದ್ದು ಯಂತ್ರಕ್ಕೆ ಕೈ ಹಾಕುವುದಲ್ಲ. ಆತನಿಗೆ ತನ್ನ ಹೆಸರನ್ನೂ ಮಾಡಹೊರಟ ಕಾರ್ಯವನ್ನೂ ತಿಳಿಸಿ ಒಪ್ಪಿಗೆ ಪಡೆಯುವುದು. ಅನಂತರ ಹೊಟ್ಟೆಗೆ ತಕ್ಕ ಬಾಗಿದ ಪ್ರೋಬನ್ನು ಆರಿಸಿದಳೆ, ಅಥವಾ ನರಗಳನ್ನು ನೋಡುವ ಚಪ್ಪಟೆ ಪ್ರೋಬನ್ನು ಎತ್ತಿಕೊಂಡಳೆ? ಪ್ರೋಬಿನ ಪಕ್ಕದಲ್ಲಿರುವ ಗುರುತನ್ನು ಸರಿಯಾದ ದಿಕ್ಕಿಗೆ ತಿರುಗಿಸಿದಳೆ? ತಿರುಗಿಸದಿದ್ದರೆ ಚಿತ್ರವು ಅದಲುಬದಲಾಗಿ ಎಡವು ಬಲವಾದೀತು. ಆಳವನ್ನು ಹೊಂದಿಸಿದಳೆ? ಪ್ರಖರತೆಯನ್ನು ತೀರ ಇಳಿಸಿಬಿಟ್ಟರೆ ಒಳಗಿರುವುದೆಲ್ಲ ಕಪ್ಪಾಗಿ, ಇಲ್ಲದ ರಕ್ತವೂ ಇದ್ದಂತೆ ತೋರುತ್ತದೆ. ತೀರ ಏರಿಸಿದರೆ ಇರುವ ರಕ್ತವೂ ಬೆಳ್ಳಗಾಗಿ ಮಾಯವಾಗುತ್ತದೆ. ಬಲಪಕ್ಕೆ, ಎಡಪಕ್ಕೆ, ಕಿಬ್ಬೊಟ್ಟೆ, ಎದೆಯ ಮೂಳೆಯ ಕೆಳಗಿನಿಂದ ಹೃದಯ ಎಂಬ ನಾಲ್ಕೂ ಸ್ಥಳಗಳನ್ನು ನೋಡಿದಳೆ, ಅಥವಾ ಬಲಪಕ್ಕೆಯಲ್ಲಿ ಏನೂ ಕಾಣದಿದ್ದೊಡನೆ ನಿಂತುಬಿಟ್ಟಳೆ? ಒಂದು ಸ್ಥಳದಲ್ಲಿ ಪ್ರೋಬನ್ನು ಕಂಬದಂತೆ ನೆಟ್ಟಳೆ, ಅಥವಾ ಬೀಸಣಿಗೆಯಂತೆ ಅತ್ತಿತ್ತ ಬಾಗಿಸಿ ಸಂದನ್ನು ಪೂರ್ತಿಯಾಗಿ ಶೋಧಿಸಿದಳೆ? ಯಂತ್ರವೇ ಸರಿಯಿಲ್ಲವೆನ್ನುವ ಉಮೇದುವಾರರೂ ಸಿಕ್ಕೇ ಸಿಗುವರು. ಕುಣಿಯಲಾರದವಳು ನೆಲ ಡೊಂಕೆಂದ ಗಾದೆ ಇಂದಿನದಲ್ಲ. ಮುಗಿದ ಮೇಲೆ ಆ ಮನುಷ್ಯನ ಮೈಮೇಲಿನ ಜೆಲ್ಲನ್ನು ಒರೆಸಿ, ಬಟ್ಟೆ ಸರಿಪಡಿಸಿ, ಪ್ರೋಬನ್ನು ಶುಚಿಮಾಡಿಟ್ಟಳೆ? ಇದಕ್ಕೂ ಅಂಕವಿರಲಿ. ಇದು ಸಣ್ಣದೆಂದು ನಗುವವರು ಒಂದು ಸಲ ಆ ಮಂಚದ ಮೇಲೆ ತಾವೇ ಮಲಗಿ ನೋಡತಕ್ಕದ್ದು.

ಆರೋಗ್ಯವಂತನ ಮೇಲೆ ಮಾಡುವ ಪರೀಕ್ಷೆಯಿಂದ ಮಾತ್ರ ಕೆಲಸ ಮುಗಿಯದೆಂಬ ಆಕ್ಷೇಪಣೆಯು ನ್ಯಾಯವಾದುದೇ. ಅವನೊಳಗೆ ರಕ್ತವಿಲ್ಲ, "ಇಲ್ಲ" ಎಂದವರೆಲ್ಲ ಗೆಲ್ಲುವರು. ಆದುದರಿಂದ ಎರಡನೆಯ ಮೇಜಿನಲ್ಲಿ ನಿಜವಾದ ರೋಗಿಗಳಿಂದ, ಅವರ ಒಪ್ಪಿಗೆಯಿಂದ, ತೆಗೆದಿಟ್ಟ ಚಲಚ್ಚಿತ್ರಗಳನ್ನು ತೋರಿಸಬೇಕು. ಅವುಗಳಲ್ಲಿ ರೋಗವಿರುವವೂ ಇಲ್ಲದವೂ ಇರಬೇಕು, ಮತ್ತು ಯಾವುದನ್ನೂ ನಿರ್ಣಯಿಸಲಾಗದಷ್ಟು ಕೆಟ್ಟದಾಗಿ ತೆಗೆದವೂ ಒಂದೆರಡಿರಬೇಕು. ಈ ಮೂರನೆಯ ಜಾತಿಯದೇ ನಮ್ಮ ದೃಷ್ಟಿಯಲ್ಲಿ ಅತ್ಯಂತ ಬೆಲೆಯುಳ್ಳದ್ದು.

ಏಕೆಂದರೆ ನಮ್ಮ ದೇಶದ ಪರೀಕ್ಷಾಪದ್ಧತಿಯು ಒಂದು ಮಾತನ್ನು ಎಂದೂ ಕ್ಷಮಿಸಿಲ್ಲ. ಅದು "ನನಗೆ ಗೊತ್ತಾಗುತ್ತಿಲ್ಲ" ಎಂಬ ಮಾತು. ಬಾಲ್ಯದಿಂದಲೂ ನಮ್ಮ ಹುಡುಗರು ಖಾಲಿ ಬಿಡುವುದಕ್ಕಿಂತ ಏನನ್ನಾದರೂ ಬರೆ ಎಂಬ ಉಪದೇಶವನ್ನು ಕೇಳಿಕೊಂಡು ಬೆಳೆದವರು. ವೈದ್ಯಕೀಯದ ಕೊನೆಯ ಪರೀಕ್ಷೆಯಲ್ಲಿಯೂ ಪ್ಲೀಹ ಊದಿದ ರೋಗಿಯ ಮುಂದೆ ನಿಂತು, ಕೈಗೆ ಸಿಗದಿದ್ದರೂ ಸಿಕ್ಕಿತೆಂದು ಹೇಳಿ ದಾಟಿದವರ ಕಥೆಗಳು ಎಷ್ಟಿಲ್ಲ! ಸ್ಟೆತಾಸ್ಕೋಪಿನ ವಿಷಯದಲ್ಲಿ ಈ ಮಿಥ್ಯೆ ನಡೆದುಹೋಗುತ್ತಿತ್ತು. ಕೇಳಿದ್ದೇನೆಂದು ಹೇಳಿದವನ ಕಿವಿಯೊಳಗೆ ಇಳಿದು ನೋಡುವವರಾರು? 1816ರಲ್ಲಿ ಪ್ಯಾರಿಸಿನ ಲಾಯನೆಕ್ ಮಹಾಶಯನು, ತರುಣಿಯೊಬ್ಬಳ ಎದೆಗೆ ಕಿವಿಗೊಡಲು ಸಂಕೋಚಪಟ್ಟು, ಕಾಗದವನ್ನು ಸುರುಳಿ ಸುತ್ತಿ ಆಲಿಸಿದಂದಿನಿಂದ ಇಂದಿನವರೆಗೆ ಆ ಸಾಧನವು ಕೇಳಿದವನಿಗೆ ಮಾತ್ರ ಸೇರಿದ್ದಾಗಿದೆ. ಸ್ಕ್ಯಾನಿಂಗಿನ ಪರದೆಯಾದರೋ ವಿದ್ಯಾರ್ಥಿಗೂ ಪರೀಕ್ಷಕನಿಗೂ ರೋಗಿಗೂ ಒಂದೇ ಕಾಲದಲ್ಲಿ ತೆರೆದಿರುತ್ತದೆ. ಬೇಕಾದರೆ ನಾಳೆಯೂ ತೆರೆದು ನೋಡಬಹುದು. ಕೈಗುಣವನ್ನು ಸಾಕ್ಷಿಸಮೇತ ಅಳೆಯುವ ಅವಕಾಶವು ವೈದ್ಯಶಿಕ್ಷಣಕ್ಕೆ ಇಷ್ಟು ಸ್ಪಷ್ಟವಾಗಿ ದೊರೆತುದು ಅಪೂರ್ವ. ಆದಕಾರಣ "ಚಿತ್ರವು ಸ್ಪಷ್ಟವಾಗಿಲ್ಲ, ನಾನು ನಿರ್ಣಯಿಸಲಾರೆ, ಹಿರಿಯರನ್ನು ಕರೆಯುತ್ತೇನೆ, ರೋಗಿಯನ್ನು ಸಂಶಯದಲ್ಲಿಯೇ ಇಟ್ಟು ನಡೆಸಿಕೊಳ್ಳುತ್ತೇನೆ" ಎಂದು ಹೇಳುವ ವಿದ್ಯಾರ್ಥಿಗೆ ಪೂರ್ಣಾಂಕ ಕೊಡುವ ಪರೀಕ್ಷೆಯನ್ನೇ ನಾವು ಪರೀಕ್ಷೆಯೆಂದು ಕರೆಯುವೆವು. ಕೆಟ್ಟ ಚಿತ್ರವನ್ನು ನೋಡಿ ಧೈರ್ಯದಿಂದ ತೀರ್ಪು ಕೊಟ್ಟವನು, ತೀರ್ಪು ಅಕಸ್ಮಾತ್ತಾಗಿ ಸರಿಯಾಗಿದ್ದರೂ, ಅಂದು ತೇರ್ಗಡೆಯಾಗಕೂಡದು.

ಇನ್ನು ನಮ್ಮ ದೇಶಕ್ಕೇ ವಿಶಿಷ್ಟವಾದ ತೊಡಕಿನ ಕಡೆಗೆ ಬರೋಣ. ಭ್ರೂಣದ ಲಿಂಗವನ್ನು ಪತ್ತೆಹಚ್ಚಿ ಹೆಣ್ಣುಕೂಸುಗಳನ್ನು ಗರ್ಭದಲ್ಲಿಯೇ ಕೊಲ್ಲುವ ಪಾತಕವನ್ನು ತಡೆಯುವುದಕ್ಕೆಂದು ಪಾರ್ಲಿಮೆಂಟು 1994ರಲ್ಲಿ ಕಾಯಿದೆಯೊಂದನ್ನು ಮಾಡಿತು. 2003ರಲ್ಲಿ ಅದನ್ನು ಇನ್ನಷ್ಟು ಬಿಗಿಗೊಳಿಸಿತು. ಅದರಂತೆ ಸ್ಕ್ಯಾನಿಂಗ್ ಯಂತ್ರವಿರುವ ಸ್ಥಳವೂ ಯಂತ್ರವೂ ನೋಂದಣಿಯಾಗಿರಬೇಕು. ಅದನ್ನು ನಡೆಸುವವರಿಗೆ ಗೊತ್ತಾದ ಅರ್ಹತೆಯಿರಬೇಕು. 2012ರ ತಿದ್ದುಪಡಿಯು ಕೈಯಲ್ಲಿ ಹಿಡಿದು ಸಾಗಿಸಬಹುದಾದ ಯಂತ್ರಗಳನ್ನು ನೋಂದಾಯಿತ ಆಸ್ಪತ್ರೆಯ ಒಳರೋಗಿಗಳಿಗೂ ಸಂಚಾರಿ ವೈದ್ಯಕೀಯ ಘಟಕಗಳಿಗೂ ಸೀಮಿತಗೊಳಿಸಿತು. ಈ ಕಟ್ಟುನಿಟ್ಟಿಗೆ ಅಂಜಿ ಯಂತ್ರವನ್ನು ವಿದ್ಯಾರ್ಥಿಗಳ ಬಳಿ ಸುಳಿಯಗೊಡಿಸದ ಕಾಲೇಜುಗಳನ್ನು ನಾವು ಹಳಿಯಲಾರೆವು.

ಕಾಯಿದೆಯ ಮೇಲೆಯೇ ಹರಿಹಾಯುವವರ ಮಾತಿಗೂ ನಾವು ಕಿವಿಗೊಡಲಾರೆವು. 1991ರ ಜನಗಣತಿಯಲ್ಲಿ ಆರು ವರ್ಷದೊಳಗಿನ ಸಾವಿರ ಗಂಡುಮಕ್ಕಳಿಗೆ 945 ಹೆಣ್ಣುಮಕ್ಕಳಿದ್ದುದು 2001ರಲ್ಲಿ 927ಕ್ಕೆ ಇಳಿಯಿತು. 2011ರಲ್ಲಿ ಇನ್ನೂ ಕೆಳಗಾಯಿತು. ಈ ಅಂಕೆಗಳ ಹಿಂದಿರುವುದು ಹುಟ್ಟದೆ ಹೋದ ಲಕ್ಷೋಪಲಕ್ಷ ಹೆಣ್ಣುಮಕ್ಕಳು. ಇದೆಲ್ಲ ಉತ್ತರದ ಪ್ರಾಂತಗಳ ಪಾಪವೆಂದು ಕನ್ನಡಿಗರು ಕೈತೊಳೆದುಕೊಳ್ಳುವಂತಿಲ್ಲ. 2023ರ ಕೊನೆಯಲ್ಲಿ ಬೆಂಗಳೂರಿನ ಪೋಲೀಸರು ಬಯಲಿಗೆಳೆದ ಜಾಲವು ಮಂಡ್ಯದ ಕಬ್ಬಿನ ಸೀಮೆಯ ಆಲೆಮನೆಯೊಂದರಲ್ಲಿ ಯಂತ್ರವನ್ನಿಟ್ಟುಕೊಂಡು ಭ್ರೂಣಲಿಂಗವನ್ನು ನೋಡುತ್ತಿತ್ತೆಂಬ ಸುದ್ದಿಯು ನಾಡನ್ನೇ ನಾಚಿಸಿತು. ಬೆಲ್ಲ ಬೇಯುವ ಒಲೆಯ ಪಕ್ಕದಲ್ಲಿ ಈ ವ್ಯವಹಾರ! ಕಾಯಿದೆಯನ್ನು ಸಡಿಲಿಸಿರೆಂದು ಯಾರಾದರೂ ನಮ್ಮನ್ನು ಕೇಳಿದರೆ ಆ ಆಲೆಮನೆಯ ಕಡೆಗೆ ಬೆರಳು ತೋರಿಸುವೆವು.

ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ಆ ಆಲೆಮನೆಯಲ್ಲಿ ಪ್ರೋಬು ಹಿಡಿದದ್ದು ಕಾಲೇಜಿನಲ್ಲಿ ಪರೀಕ್ಷಕರ ಮುಂದೆ ಕೈ ಪಳಗಿಸಿಕೊಳ್ಳುತ್ತಿದ್ದ ವಿದ್ಯಾರ್ಥಿಯಲ್ಲ. ನೆಗಡಿಯಾದೀತೆಂಬ ಭಯಕ್ಕೆ ಮೂಗನ್ನೇ ಕೊಯ್ದುಕೊಂಡರೆ ಉಸಿರಾಡುವುದೆಲ್ಲಿಂದ? ವಿದ್ಯಾರ್ಥಿಗಳಿಗೆ ಕಲಿಸಬೇಕಾದ ನಾಲ್ಕಾರು ಪರೀಕ್ಷೆಗಳಲ್ಲಿ ಗರ್ಭಿಣಿಯ ಸ್ಕ್ಯಾನಿಂಗು ಇರಬೇಕಾಗಿಯೇ ಇಲ್ಲ. ಶ್ವಾಸಕೋಶವನ್ನು, ಹೃದಯದ ಪೊರೆಯನ್ನು, ಗಾಯಾಳುವಿನ ಉದರವನ್ನು ಗಂಡಸರಾದ ಸ್ವಯಂಸೇವಕರ ಮೇಲೆಯೇ ಕಲಿಯಬಹುದು, ಅವರ ಮೇಲೆಯೇ ಪರೀಕ್ಷೆಯನ್ನೂ ನಡೆಸಬಹುದು. ಯಂತ್ರವು ಕಾಲೇಜಿನ ನೋಂದಣಿಯಲ್ಲಿ, ಕಾಲೇಜಿನ ಬೀಗದೊಳಗೆ, ಅರ್ಹ ಶಿಕ್ಷಕರ ಕಣ್ಣೆದುರಿನಲ್ಲಿರಲಿ. ಪ್ರತಿಯೊಂದು ಚಿತ್ರವೂ ಉಳಿದಿರಲಿ. ಹೀಗೆ ಮಾಡಲು ಯಾವ ಅಡ್ಡಿಯೂ ಬಾರದಂತೆ ಸರಕಾರವು ಸ್ಪಷ್ಟವಾದ ನಿಬಂಧನೆಯೊಂದನ್ನು ಹೊರಡಿಸಿದರೆ ಸಾಕು. ಕಾಯಿದೆಯ ಒಂದಕ್ಷರವನ್ನೂ ಸಡಿಲಿಸಬೇಕಾಗಿಲ್ಲ. ಅದರ ಅಂಚಿನಲ್ಲಿ ನಿಂತು ನಡುಗುತ್ತಿರುವ ಶಿಕ್ಷಕನಿಗೆ ಇಲ್ಲಿಯವರೆಗೆ ಬರಬಹುದು ಎಂಬ ಗೆರೆಯನ್ನು ಎಳೆದುಕೊಡಬೇಕು.

ಪರೀಕ್ಷೆಯ ತತ್ತ್ವವು ಈ ಕಾಯಿದೆಗೆ ಹೊರಗಿನದೂ ಅಲ್ಲ. 2014ರಲ್ಲಿ ಕೇಂದ್ರ ಸರಕಾರವು ಮಾಡಿದ ನಿಯಮಗಳು ಎಂ.ಬಿ.ಬಿ.ಎಸ್. ಪದವೀಧರರಿಗೆ ಆರು ತಿಂಗಳ ತರಬೇತಿಯನ್ನೂ ಸಾಮರ್ಥ್ಯದ ಪರೀಕ್ಷೆಯನ್ನೂ ವಿಧಿಸಿದವು. 2016ರಲ್ಲಿ ದಿಲ್ಲಿಯ ಉಚ್ಚ ನ್ಯಾಯಾಲಯವು ಅವಕ್ಕೆ ವಿರುದ್ಧವಾಗಿ ತೀರ್ಪಿತ್ತಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆ ಕೊಟ್ಟಿತು. ನ್ಯಾಯಾಲಯಗಳ ವಾದವಿವಾದವು ಹಾಗಿರಲಿ. ಆರು ತಿಂಗಳ ಸಂಪೂರ್ಣ ತರಬೇತಿಗೂ ಏನೂ ಇಲ್ಲದಿರುವುದಕ್ಕೂ ನಡುವೆ ದೊಡ್ಡ ಬಯಲಿದೆ, ಮತ್ತು ನಮ್ಮ ತಾಲೂಕು ಆಸ್ಪತ್ರೆಯ ತರುಣ ವೈದ್ಯನು ನಿಂತಿರುವುದು ಆ ಬಯಲಿನಲ್ಲಿಯೇ.

ಕ್ಷ-ಕಿರಣ ತಜ್ಞರಲ್ಲಿ ಕೆಲವರು ಈ ಸುಧಾರಣೆಯನ್ನು ಒಪ್ಪುವುದಿಲ್ಲ. ಅಲ್ಪವಿದ್ಯಾ ಮಹಾಗರ್ವಿಯೆಂಬ ಅವರ ಭಯವು ಸಕಾರಣವಾದುದೆಂದು ಮೇಲೆಯೇ ಒಪ್ಪಿದ್ದೇವೆ. ಆದರೆ ಅಲ್ಪವಿದ್ಯೆಗೆ ಮದ್ದು ಅವಿದ್ಯೆಯಲ್ಲ. ತಜ್ಞರು ದೂರ ನಿಂತು ನಿಷೇಧಿಸುವ ಬದಲು ಪರೀಕ್ಷಕರ ಪೀಠದಲ್ಲಿ ಬಂದು ಕುಳಿತು, ಅರೆಪಕ್ವರನ್ನು ನಿರ್ದಾಕ್ಷಿಣ್ಯವಾಗಿ ಹಿಂದಕ್ಕೆ ಕಳುಹಿಸಲಿ. ಅವರಷ್ಟು ಚೆನ್ನಾಗಿ ಆ ಕೆಲಸವನ್ನು ಮಾಡಬಲ್ಲವರು ಬೇರೆ ಯಾರು?

ಅಮೆರಿಕೆಯ ದಕ್ಷಿಣ ಕೆರೊಲೈನಾ ವಿಶ್ವವಿದ್ಯಾನಿಲಯದ ವೈದ್ಯಶಾಲೆಯು 2006ರಿಂದ ಮೊದಲನೆಯ ವರ್ಷದಲ್ಲಿಯೇ ವಿದ್ಯಾರ್ಥಿಗಳ ಕೈಗೆ ಪ್ರೋಬು ಕೊಟ್ಟು, ನಾಲ್ಕು ವರ್ಷವೂ ಕಲಿಸುತ್ತ ಬಂದಿದೆ. ಅವರ ಸಂಪತ್ತು ನಮ್ಮಲ್ಲಿಲ್ಲವೆಂಬ ಮಾತು ಸರಿ. ಆದರೆ ನಮ್ಮ ರಾಷ್ಟ್ರೀಯ ವೈದ್ಯಶಿಕ್ಷಣದ ಪಠ್ಯಕ್ರಮವು 2019ರಿಂದ ಸಾಮರ್ಥ್ಯವನ್ನೇ ಆಧಾರವಾಗಿಟ್ಟುಕೊಂಡಿರುವುದಾಗಿ ಹೇಳಿಕೊಳ್ಳುತ್ತಿದೆ. ಅರಿತಿರುವುದು, ಮಾಡುವ ಬಗೆಯನ್ನು ಅರಿತಿರುವುದು, ಮಾಡಿ ತೋರಿಸುವುದು, ಸ್ವತಂತ್ರವಾಗಿ ಮಾಡುವುದು ಎಂಬ ಮೆಟ್ಟಿಲುಗಳನ್ನು ಅಮೆರಿಕೆಯ ಜಾರ್ಜ್ ಮಿಲ್ಲರ್ 1990ರಲ್ಲಿ ವರ್ಣಿಸಿದ್ದನ್ನೇ ಅದು ಅಂಗೀಕರಿಸಿದೆ. ಪ್ರತಿಯೊಂದು ಕಾಲೇಜಿನಲ್ಲಿಯೂ ಕೌಶಲ ಪ್ರಯೋಗಶಾಲೆ ಇರಬೇಕೆಂದೂ ವಿಧಿಸಿದೆ. ಸ್ಕ್ಯಾನಿಂಗಿನ ವಿಷಯದಲ್ಲಿ ಮಾತ್ರ ವಿದ್ಯಾರ್ಥಿಯು ಮೊದಲನೆಯ ಮೆಟ್ಟಿಲಲ್ಲಿಯೇ ನಿಂತಿದ್ದಾನೆ. ಪ್ರೋಬು ಹಿಡಿದ ಕೈಯನ್ನು ಅಳೆಯುವ ಸಾರ್ವತ್ರಿಕ ಪರೀಕ್ಷೆಯು ಎಂ.ಬಿ.ಬಿ.ಎಸ್.ನಲ್ಲಿಲ್ಲ.

ಇನ್ನೊಂದು ಮಾತನ್ನು ಹೇಳದೆ ಮುಂದುವರಿಯಲಾರೆವು. ಸರಕಾರಿ ಆಸ್ಪತ್ರೆಯ ಬಡರೋಗಿಯು ವಿದ್ಯಾರ್ಥಿಗಳ ಅಭ್ಯಾಸಕ್ಕೆ ಬಿಟ್ಟಿ ಸಿಕ್ಕ ಸಾಮಗ್ರಿಯಲ್ಲ. ಯಕೃತ್ತು ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿ ಮಲಗಿರುವವನ ಮೇಲೆ ಇಪ್ಪತ್ತು ಜನರು ಸಾಲಾಗಿ ಪ್ರೋಬು ಒತ್ತುವುದು ಕಲಿಕೆಯ ಹೆಸರಿನ ಕ್ರೌರ್ಯ. ಅವನನ್ನು ಕೇಳಬೇಕು; ಅವನಿಗೆ ತಿಳಿಯುವ ಕನ್ನಡದಲ್ಲಿ ಕೇಳಬೇಕು; ಬೇಡವೆಂದರೆ ಬಿಡಬೇಕು, ಬಿಟ್ಟುದಕ್ಕಾಗಿ ಅವನ ಚಿಕಿತ್ಸೆಗೆ ಕುಂದು ಬರಬಾರದು. ಹೆಂಗಸರ ಬಳಿ ಇನ್ನೊಬ್ಬ ಹೆಂಗಸು ನಿಂತಿರಬೇಕು. ಸ್ವಯಂಸೇವಕನ ಮೈಯಲ್ಲಿ ಪರೀಕ್ಷೆಯ ನಡುವೆ ಅನಿರೀಕ್ಷಿತವಾಗಿ ಗಡ್ಡೆಯೋ ಕಲ್ಲೋ ಕಂಡರೆ ಅವನಿಗೆ ಯಾರು, ಹೇಗೆ ತಿಳಿಸತಕ್ಕದ್ದೆಂಬುದೂ ಮೊದಲೇ ಗೊತ್ತಾಗಿರಬೇಕು.

ಕೊನೆಯದಾಗಿ, ಪರೀಕ್ಷಕರನ್ನು ಪರೀಕ್ಷಿಸುವವರಾರು? ಶಿಕ್ಷಕರಲ್ಲಿಯೇ ಅನೇಕರು ಪ್ರೋಬು ಹಿಡಿದವರಲ್ಲ. ಆದುದರಿಂದ ಎಲ್ಲ ಕಾಲೇಜುಗಳಲ್ಲಿಯೂ ಒಂದೇ ದಿನ ಇದನ್ನು ಹೇರುವ ಆತುರ ಬೇಡ. 1996ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿತವಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯವು, ತನಗೆ ಸೇರಿದ ಕಾಲೇಜುಗಳಲ್ಲಿ ನಾಲ್ಕೈದನ್ನು ಆರಿಸಿ, ಮೊದಲು ಶಿಕ್ಷಕರಿಗೆ ಈ ಪರೀಕ್ಷೆಯನ್ನು ಒಡ್ಡಲಿ. ತೇರ್ಗಡೆಯಾದವರೇ ಪರೀಕ್ಷಕರಾಗಲಿ. ಅನಂತರ ಒಂದು ವರ್ಷದ ಕಡ್ಡಾಯ ಇಂಟರ್ನ್‌ಶಿಪ್ಪಿನ ಕೊನೆಯಲ್ಲಿ ತರುಣ ವೈದ್ಯರನ್ನು ಕರೆಯಲಿ. ಎರಡು ಮಂಚ, ಒಂದು ನೋಂದಾಯಿತ ಯಂತ್ರ, ಒಂದು ಗಡಿಯಾರ, ಒಬ್ಬರಿಗೊಬ್ಬರು ಅಂಕಗಳನ್ನು ತೋರಿಸದ ಇಬ್ಬರು ಪರೀಕ್ಷಕರು, ಅವರಲ್ಲಿ ಒಬ್ಬರು ಬೇರೆ ಕಾಲೇಜಿನವರು. ಇದಕ್ಕಿಂತ ಹೆಚ್ಚಿನ ವೈಭವವೇನೂ ಬೇಕಾಗಿಲ್ಲ. ಕೊಡುವ ಪತ್ರದಲ್ಲಿ "ಸ್ಕ್ಯಾನಿಂಗ್ ಬಲ್ಲವನು" ಎಂದು ಬರೆಯದೆ, ಯಾವ ಯಾವ ಪರೀಕ್ಷೆಯನ್ನು ಮಾಡಬಲ್ಲನೆಂಬುದನ್ನು ಒಂದೊಂದಾಗಿ ಬರೆಯತಕ್ಕದ್ದು. ತೇರ್ಗಡೆಯಾಗದವರ ಪದವಿಗೆ ಭಂಗ ತರಬೇಕಾಗಿಲ್ಲ; ಏಳು ಅಂಶಗಳಲ್ಲಿ ಯಾವುದರಲ್ಲಿ ಕೈ ಸೋತಿತೆಂಬುದನ್ನು ತಿಳಿಸಿ, ಮರುತಿಂಗಳು ಮತ್ತೆ ಬರಹೇಳಬೇಕು.